ಭದ್ರಾತೀರದ ಕಳಸ

ನದೀತೀರದ ಪಟ್ಟಣವೆಂದೊಡನೆ ವಾಚಕರ ಮನಸ್ಸಿನಲ್ಲಿ ಮೂಡುವ ಚಿತ್ರವು ಬಹುಮಟ್ಟಿಗೆ ಒಂದೇ ಬಗೆಯದು. ಅಗಲವಾಗಿ ಮಂದವಾಗಿ ಹರಿಯುವ ಹೊಳೆ, ಅದರ ಮೇಲೆ ಸರಕು ತುಂಬಿದ ದೋಣಿಗಳು, ದಂಡೆಯ ಮೇಲೆ ಉಗ್ರಾಣಗಳು, ಅವುಗಳ ಹಿಂದೆ ಸೆಟ್ಟರ ಅಂಗಡಿಸಾಲು. ಹೊಳೆಯು ಹೊತ್ತುತಂದ ಸಂಪತ್ತಿನಿಂದ ಊರು ಬೆಳೆಯಿತೆಂದು ನಾವು ತಿಳಿಯುವೆವು. ಚಿಕ್ಕಮಗಳೂರು ಜಿಲ್ಲೆಯ ಕಳಸವು ಈ ಚಿತ್ರಕ್ಕೆ ಹೊಂದತಕ್ಕ ಊರಲ್ಲ. ಅಲ್ಲಿ ಭದ್ರೆಯು ಬಂಡೆಯಿಂದ ಬಂಡೆಗೆ ಧುಮುಕುತ್ತ ಹೋಗುವ ಮಲೆಯ ಹೊಳೆ. ಅದರ ಮೇಲೆ ಸರಕಿನ ದೋಣಿ ಸಾಗುವಂತಿಲ್ಲ. ಬೇಸಗೆಯಲ್ಲಿ ಬಂಡೆಗಳ ನಡುವೆ ತಿಳಿನೀರು, ಆಷಾಢದಲ್ಲಿ ಮರಗಳನ್ನೇ ಕಿತ್ತೊಯ್ಯುವ ಕೆನ್ನೀರು. ಆದರೂ ಇಂಥ ಹೊಳೆಯ ಮಗ್ಗುಲಲ್ಲಿ ಒಂದು ರಾಜಧಾನಿ ಇದ್ದಿತು, ಅಲ್ಲಿ ರಾಣಿಯರು ಆಳಿದರು, ಘಟ್ಟದ ಮೇಲೂ ಕೆಳಗೂ ಹಬ್ಬಿದ ರಾಜ್ಯವೊಂದಕ್ಕೆ ಈ ಊರಿನ ಹೆಸರೇ ನಿಂತಿತು.

ಇದು ಹೇಗಾಯಿತೆಂದು ವಿಚಾರಿಸುತ್ತ ಹೋದರೆ ಎಲ್ಲ ಕಡೆಯಿಂದಲೂ ಒಂದೇ ಉತ್ತರ ದೊರೆಯುವುದು. ಭದ್ರೆಯು ಕಳಸಕ್ಕೆ ಹೆದ್ದಾರಿಯಾಗಿರಲಿಲ್ಲ, ಅಗಳಾಗಿದ್ದಳು. ಊರನ್ನು ಕಾದವಳೂ ಅವಳೇ, ವರ್ಷಕ್ಕೆ ನಾಲ್ಕು ತಿಂಗಳು ಊರನ್ನು ಸೆರೆಯಲ್ಲಿಟ್ಟವಳೂ ಅವಳೇ. ಅರಸರು ಬಂದುದು, ಬಿಟ್ಟುಹೋದುದು, ಮನೆವಾರ್ತೆಯ ಕ್ರಮ, ಜ್ವರ, ಕಾಫಿ, ಕಡೆಗೆ ನಮ್ಮ ಕಾಲದ ಕಬ್ಬಿಣದ ಗಣಿ, ಇವೆಲ್ಲವೂ ಈ ಹೊಳೆಯ ಸ್ವಭಾವಕ್ಕೆ ಕಟ್ಟುಬಿದ್ದ ಸಂಗತಿಗಳೇ ಆಗಿರುವುವು.

ಮೊದಲು ಊರಿನ ನೆಲೆಯನ್ನು ಹೇಳುವೆವು. ಪಶ್ಚಿಮ ಘಟ್ಟದ ಗಂಗಾಮೂಲವೆಂಬ ಸ್ಥಳದಲ್ಲಿ ತುಂಗೆ, ಭದ್ರೆ, ನೇತ್ರಾವತಿ ಎಂಬ ಮೂರು ನದಿಗಳು ಹುಟ್ಟುವುವೆಂದು ಪ್ರಸಿದ್ಧಿ. ನೇತ್ರಾವತಿಯು ಪಡುವಣಕ್ಕಿಳಿದು ಮಂಗಳೂರಿನ ಬಳಿ ಕಡಲು ಸೇರುವಳು. ತುಂಗೆಯು ಶೃಂಗೇರಿಯ ಕಡೆಗೆ ತಿರುಗುವಳು. ಭದ್ರೆಯು ಕುದುರೆಮುಖದ ಬೆಟ್ಟಗಳ ನಡುವೆ ಇಳಿದು, ಕಳಸವನ್ನು ಬಳಸಿ, ಬಾಳೆಹೊನ್ನೂರು ನರಸಿಂಹರಾಜಪುರಗಳ ಮೇಲೆ ಹಾಯ್ದು, ಕೂಡಲಿಯಲ್ಲಿ ಅಕ್ಕನಾದ ತುಂಗೆಯನ್ನು ಕೂಡುವಳು. ಹೀಗೆ ತನ್ನ ಹುಟ್ಟೂರನ್ನು ಬಿಟ್ಟ ಭದ್ರೆಗೆ ಎದುರಾಗುವ ಮೊದಲನೆಯ ಹಳೆಯ ಪಟ್ಟಣವೇ ಕಳಸ. ಮೂಡಿಗೆರೆಯಿಂದ ಅಲ್ಲಿಗೆ ಹೋಗುವವರು ಕೊಟ್ಟಿಗೆಹಾರದಲ್ಲಿ ಚಾರ್ಮಾಡಿಯ ದಾರಿಯನ್ನು ಎಡಕ್ಕೆ ಬಿಟ್ಟು, ಬಾಳೂರನ್ನು ದಾಟಿ, ಹೇಮಾವತಿಯ ಉಗಮವಾದ ಜಾವಳಿಯ ಸೀಮೆಯನ್ನು ಹಾಯ್ದು ಹೋಗಬೇಕು. ದಾರಿಯುದ್ದಕ್ಕೂ ಕಾಫಿಯ ತೋಟಗಳು, ಗುಡ್ಡಗಳ ಸಂದಿನಲ್ಲಿ ಗದ್ದೆಯ ಬಯಲುಗಳು, ತೊರೆಯಿದ್ದಲ್ಲಿ ಅಡಿಕೆ. ಹೇಮಾವತಿಯು ಕಾವೇರಿಗೆ ಹೋಗುವ ನೀರು, ಭದ್ರೆಯು ಕೃಷ್ಣೆಗೆ ಹೋಗುವ ನೀರು. ಈ ಒಂದೇ ದಾರಿಯಲ್ಲಿ ಪಯಣಿಗನು ದಕ್ಷಿಣಾಪಥದ ಎರಡು ಮಹಾನದಿಗಳ ಸೀಮೆಯನ್ನು ತನಗರಿವಿಲ್ಲದೆಯೇ ದಾಟಿಬಿಡುವನು.

ಕಳಸವೆಂಬ ಹೆಸರಿಗೆ ಸ್ಥಳಪುರಾಣವು ಕುಂಭಸಂಭವರಾದ ಅಗಸ್ತ್ಯರ ಕಥೆಯನ್ನು ಹೇಳುವುದು. ಗಿರಿಜಾಕಲ್ಯಾಣಕ್ಕಾಗಿ ಸಕಲ ದೇವತೆಗಳೂ ಋಷಿಗಳೂ ಹಿಮಾಲಯದಲ್ಲಿ ನೆರೆದಾಗ ಭೂಮಿಯು ಬಡಗಲಿಗೆ ವಾಲಿತಂತೆ. ಅದನ್ನು ಸರಿತೂಗಿಸಲು ಶಿವನು ಅಗಸ್ತ್ಯರೊಬ್ಬರನ್ನೇ ತೆಂಕಣಕ್ಕೆ ಕಳುಹಿಸಿ, ಅವರು ನಿಂತೆಡೆಯಲ್ಲಿಯೇ ಮದುವೆಯು ಕಾಣುವಂತೆ ಅನುಗ್ರಹಿಸಿದನಂತೆ. ಅವರು ನಿಂತ ಎಡೆಯೇ ಈ ಕ್ಷೇತ್ರವೆಂದು ನಂಬಿಕೆ. ಆದುದರಿಂದಲೇ ಕಳಸೇಶ್ವರನ ಸನ್ನಿಧಿಯಲ್ಲಿ ಗಿರಿಜಾಕಲ್ಯಾಣವು ವರ್ಷದ ದೊಡ್ಡ ಉತ್ಸವ. ಮದುವೆಗೆ ಹೋಗಲಾರದೆ ಹೊರೆ ಹೊತ್ತು ನಿಂತವನಿಗಾಗಿ ವರ್ಷವರ್ಷವೂ ಮದುವೆಯನ್ನೇ ನಡೆಯಿಸಿ ತೋರಿಸುವ ಈ ಪದ್ಧತಿಯಲ್ಲಿ, ಮನೆಯ ಶುಭಕಾರ್ಯಗಳಲ್ಲಿ ಅಡುಗೆಮನೆ ಬಿಟ್ಟು ಬರಲಾಗದೆ ಮುಹೂರ್ತವನ್ನು ತಪ್ಪಿಸಿಕೊಂಡ ಹೆಂಗಸರಿಗೆ ಒಂದಿಷ್ಟು ಸಮಾಧಾನವಿದೆಯೆಂದು ನಮಗೆ ತೋರುವುದು.

ಹೊಳೆಯುದ್ದಕ್ಕೂ ವಸಿಷ್ಠ, ನಾಗ, ಕೋಟಿ, ರುದ್ರ, ಅಂಬಾ ಎಂಬ ಐದು ತೀರ್ಥಗಳುಂಟು. ಯಾತ್ರಿಕರು ಈ ಪಂಚತೀರ್ಥಗಳಲ್ಲಿ ಸ್ನಾನಮಾಡುವರು. ಇವುಗಳಲ್ಲಿ ಅಂಬಾತೀರ್ಥವು ವಿಶೇಷವಾಗಿ ನೋಡತಕ್ಕುದು. ಅಲ್ಲಿ ಹೊಳೆಯು ಇಕ್ಕಟ್ಟಾದ ಬಂಡೆಗಳ ನಡುವೆ ಭೋರ್ಗರೆದು ನುಗ್ಗುವುದು. ದಡದ ಬಂಡೆಗಳ ಮೇಲೆ ಅಡ್ಡಲಾಗಿ ಒಂದು ಹೆಬ್ಬಂಡೆ ಕುಳಿತಿದೆ. ಅದನ್ನು ಶ್ರೀ ಮಧ್ವಾಚಾರ್ಯರು ಒಂದೇ ಕೈಯಿಂದ ತಂದು ಇಟ್ಟರೆಂದು ಸಂಸ್ಕೃತದಲ್ಲಿ ಕೊರೆದಿರುವ ಬರಹವುಂಟು. ಆಚಾರ್ಯರು 13ನೆಯ ಶತಮಾನದವರು, ಉಡುಪಿಯ ಬಳಿಯ ಪಾಜಕದಲ್ಲಿ ಹುಟ್ಟಿದವರು. ಅವರ ದೇಹಬಲದ ವಿಚಾರವಾಗಿ ನಾವು ಇಲ್ಲಿ ಚರ್ಚೆಗೆ ಹೊರಟಿಲ್ಲ. ಚರಿತ್ರೆಯ ದೃಷ್ಟಿಯಿಂದ ಗಮನಿಸಬೇಕಾದುದು ಬೇರೊಂದು. ಆ ಕಲ್ಲಿನ ಕೆಲಸ ಹೊಳೆಯಲ್ಲಿ ಅಡ್ಡ ಹಾಯಲು ಅನುವುಮಾಡುವುದೇ ಆಗಿತ್ತೆಂದು ಜನರು ಹೇಳುವರು. ಕರಾವಳಿಯ ಯತಿಯೊಬ್ಬರ ಮಹಿಮೆಯನ್ನು ನೆನೆಯಬೇಕಾದಾಗ ಈ ಸೀಮೆಯ ಜನಕ್ಕೆ ಹೊಳೆಗೆ ಹಾಕಿದ ಕಲ್ಲೇ ನೆನಪಿಗೆ ಬಂದುದು ಸಹಜವಾಗಿದೆ. ಮಲೆನಾಡಿನಲ್ಲಿ ಒಂದು ಸಂಕ ಹಾಕಿಸಿದವನ ಹೆಸರು ನಾಲ್ಕು ತಲೆಮಾರು ಉಳಿಯುವುದು.

ಇನ್ನು ರಾಜ್ಯದ ಕಥೆ. ಈಗಿನ ಶಿವಮೊಗ್ಗ ಜಿಲ್ಲೆಯ ಹುಂಚದಲ್ಲಿ, ಹಿಂದೆ ಪೊಂಬುಚ್ಚವೆನಿಸಿದ ಪಟ್ಟಣದಲ್ಲಿ, ಸಾಂತರರೆಂಬ ಜೈನ ಅರಸುಮನೆತನವು ಆಳುತ್ತಿತ್ತು. ಉತ್ತರದ ಮಧುರೆಯಿಂದ ಬಂದ ಜಿನದತ್ತನು ಪದ್ಮಾವತಿಯ ಅನುಗ್ರಹದಿಂದ ಈ ವಂಶವನ್ನು ನೆಲೆಗೊಳಿಸಿದನೆಂದು ಪರಂಪರೆಯಿದೆ. ಹೊಯ್ಸಳರ ಬಲ ಹೆಚ್ಚಿದ ಕಾಲಕ್ಕೆ ಈ ಮನೆತನವು ಕವಲೊಡೆಯಿತು. ಅವುಗಳಲ್ಲೊಂದು ತೆಂಕಣಕ್ಕೆ ಸರಿದು ಘಟ್ಟದ ಬುಡದ ಶಿಶಿಲದಲ್ಲಿಯೂ ಘಟ್ಟದ ಮೇಲಿನ ಕಳಸದಲ್ಲಿಯೂ ನೆಲೆಯೂರಿತು. ಬಯಲಿನಲ್ಲಿ ದೊಡ್ಡ ದೊರೆಗಳು ಸೇನೆ ನಡೆಯಿಸುತ್ತಿದ್ದಾಗ ಸಣ್ಣ ಅರಸರಿಗೆ ಬೇಕಾಗಿದ್ದುದು ಆನೆಕುದುರೆಗಳು ಸುಲಭವಾಗಿ ಬಾರದ ಜಾಗ. ಮುಂದೆ ಭದ್ರೆ, ಹಿಂದೆ ಕುದುರೆಮುಖದ ಸಾಲು, ಸುತ್ತಲೂ ಹಗಲಿನಲ್ಲಿಯೂ ಬಿಸಿಲು ನೆಲ ಕಾಣದ ಕಾಡು, ಗದ್ದೆಗಳಲ್ಲಿ ತಮಗೆ ಸಾಕಾಗುವಷ್ಟು ಬತ್ತ. ಇದಕ್ಕಿಂತ ಒಳ್ಳೆಯ ಕೋಟೆಯನ್ನು ಕಲ್ಲಿನಿಂದ ಕಟ್ಟಿಸುವುದು ಅವರಿಗೆ ಸಾಧ್ಯವಿರಲಿಲ್ಲ.

ಕಳಸದ ಅರಸರ ವಿಷಯವಾಗಿ ನಮಗೆ ತಿಳಿದಿರುವುದರಲ್ಲಿ ಬಹುಭಾಗವು ಶಿಲಾಶಾಸನಗಳಿಂದ ಬಂದುದು. 1901ರಲ್ಲಿ ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ ಆರನೆಯ ಸಂಪುಟವು ಆಗಿನ ಕಡೂರು ಜಿಲ್ಲೆಗೆ ಮೀಸಲಾದುದು. ಅದರ ಮೂಡಿಗೆರೆ ತಾಲ್ಲೂಕಿನ ಭಾಗದಲ್ಲಿ ಕಳಸದ ಶಾಸನಗಳು ಸೇರಿವೆ. ಇವುಗಳಿಂದ ಹೊರಪಡುವ ಸಂಗತಿಗಳಲ್ಲಿ ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಜಾಕಲ ಮಹಾದೇವಿ, ಕಾಳಲ ಮಹಾದೇವಿ ಎಂಬ ಇಬ್ಬರು ರಾಣಿಯರ ಆಳಿಕೆ. 13ನೆಯ ಶತಮಾನದ ನಡುಭಾಗದಿಂದ ಸುಮಾರು 1280ರವರೆಗೆ ಕಳಸದ ಸೀಮೆಯ ಅಧಿಕಾರವು ಇವರ ಕೈಯಲ್ಲಿದ್ದಿತು. ದೊರೆಯ ಮಡದಿಯೆಂದು ಶಾಸನದ ಮೂಲೆಯಲ್ಲಿ ಹೆಸರು ಬರುವುದು ಬೇರೆ, ತನ್ನ ಹೆಸರಿನಲ್ಲಿ ರಾಜ್ಯವಾಳುವುದು ಬೇರೆ. ಇವರದು ಎರಡನೆಯದು.

ಅದೇ ಶತಮಾನದಲ್ಲಿ ಓರುಗಲ್ಲಿನಲ್ಲಿ ಕಾಕತೀಯ ರುದ್ರಮದೇವಿಯು ಆಳುತ್ತಿದ್ದಳೆಂಬುದನ್ನು ವಾಚಕರು ಬಲ್ಲರು. ಕಳಸದಿಂದ ಘಟ್ಟವಿಳಿದು ಕಡಲ ಕಡೆಗೆ ಹೋದರೆ ಸಿಗುವ ಬಾರಕೂರಿನಲ್ಲಿ ಅಳುಪರ ಬಲ್ಲಮಹಾದೇವಿಯು 1270ರ ದಶಕದ ಉತ್ತರಾರ್ಧದಿಂದ ಹಲವು ವರ್ಷ ರಾಜ್ಯವಾಳಿದಳು. ಹೀಗೆ ಸ್ವಲ್ಪಕಾಲವಾದರೂ ಘಟ್ಟದ ಮೇಲೆ ಒಬ್ಬ ರಾಣಿ, ಘಟ್ಟದ ಕೆಳಗೆ ಒಬ್ಬ ರಾಣಿ ಇದ್ದಂತಾಯಿತು. ಅಳಿಯಸಂತಾನದ ಪದ್ಧತಿ ರೂಢಿಯಲ್ಲಿದ್ದ ನಾಡಿನಲ್ಲಿ ಇದು ಅಷ್ಟೊಂದು ಆಶ್ಚರ್ಯದ ಸಂಗತಿಯಲ್ಲವೆಂದು ಕೆಲವರು ಹೇಳಬಹುದು. ಮುಂದೆ ಇದೇ ವಂಶದಲ್ಲಿ ಪಟ್ಟವು ಅಕ್ಕತಂಗಿಯರ ಮಕ್ಕಳಿಗೆ ಹೋದುದೂ ಉಂಟು. ಆದರೆ ಪಟ್ಟವು ಹೆಂಗಸಿನ ಮೂಲಕ ಹಾಯ್ದುಹೋಗುವುದಕ್ಕೂ ಹೆಂಗಸೇ ಪಟ್ಟದಲ್ಲಿ ಕುಳಿತುಕೊಳ್ಳುವುದಕ್ಕೂ ಅಂತರವಿದೆ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಕಿತ್ತೂರು, ಕೆಳದಿ, ಉಳ್ಳಾಲಗಳ ರಾಣಿಯರಿಗೆ ದೊರೆತಿರುವ ಜಾಗದಲ್ಲಿ ಒಂದು ಸಾಲಾದರೂ ಕಳಸದ ಈ ಇಬ್ಬರಿಗೆ ದೊರೆಯಬೇಕಾಗಿತ್ತು. ಯುದ್ಧಮಾಡಿ ಸೋತ ಕಥೆಯಿಲ್ಲದ ಕಾರಣ ಅವರ ಹೆಸರು ಹಾಡಿಗೆ ಬರಲಿಲ್ಲವೆಂದು ನಮ್ಮ ಊಹೆ.

ಜೈನರಾದ ಈ ಅರಸರು ಶಿವಾಲಯವನ್ನು ಹೇಗೆ ಕಂಡರು? ಕಳಸದಲ್ಲಿಯೂ ನೆರೆಯ ಸಂಸೆಯಲ್ಲಿಯೂ ಬಸದಿಗಳಿವೆ. ಆದರೂ ಕಳಸನಾಥನ ನೈವೇದ್ಯಕ್ಕೆ, ದೀಪಕ್ಕೆ, ಅನ್ನದಾನಕ್ಕೆ ಭೂಮಿಯನ್ನು ಬಿಟ್ಟವರಲ್ಲಿ ಈ ವಂಶದವರೇ ಮುಂದಾಳುಗಳು. ಮನೆಯ ದೇವರು ಬೇರೆ, ನಾಡಿನ ದೇವರು ಬೇರೆ, ಎರಡಕ್ಕೂ ಸಲ್ಲಬೇಕಾದುದು ಸಲ್ಲಬೇಕು ಎಂಬುದು ಅವರ ನಡೆ. ಈಗಲೂ ಮಲೆನಾಡಿನ ಅನೇಕ ಮನೆಗಳಲ್ಲಿ ಈ ನಡೆಯೇ ಇರುವುದನ್ನು ಕಂಡವರಿಗೆ ಇದರ ವ್ಯಾಖ್ಯಾನ ಬೇಕಾಗದು.

ಬರಬರುತ್ತ ಈ ಅರಸರಿಗೆ ಭೈರರಸರೆಂಬ ಹೆಸರು ರೂಢವಾಯಿತು. ಅವರ ಒಲವು ಘಟ್ಟದ ಕೆಳಗೆ ವಾಲಿತು. ಕಾರ್ಕಳವು ರಾಜಧಾನಿಯಾಯಿತು, ರಾಜ್ಯವು ಕಳಸ-ಕಾರ್ಕಳ ರಾಜ್ಯವೆನಿಸಿತು. ಕಾರಣವನ್ನು ದೂರ ಹುಡುಕಬೇಕಾಗಿಲ್ಲ. ಕಡಲ ವ್ಯಾಪಾರವು ಬೆಳೆಯುತ್ತಿತ್ತು. ಮೆಣಸು, ಅಕ್ಕಿ, ಶುಂಠಿಗಳನ್ನು ಕೊಳ್ಳಲು ಅರಬಸ್ಥಾನದಿಂದ ಹಡಗುಗಳು ಬರುತ್ತಿದ್ದುವು. ವಿಜಯನಗರದ ದೊರೆಗಳ ಆಶ್ರಯದಲ್ಲಿ ಶಾಂತಿಯೂ ಇದ್ದಿತು. ಶತ್ರುಗಳಿಂದ ಅಡಗುವ ಕಾಲ ಕಳೆದ ಮೇಲೆ, ನಾಲ್ಕು ತಿಂಗಳು ಹೊಳೆಯ ಸೆರೆಯಲ್ಲಿರುವ ಊರಿನಲ್ಲಿ ಅರಮನೆಯೇಕೆ? 1432ರಲ್ಲಿ ವೀರಪಾಂಡ್ಯ ಭೈರರಸನು ಕಾರ್ಕಳದ ಗುಡ್ಡದ ಮೇಲೆ 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದನು. 1586ರಲ್ಲಿ ಇಮ್ಮಡಿ ಭೈರರಸನು ಅದರ ಎದುರಿಗೆ ಚತುರ್ಮುಖ ಬಸದಿಯನ್ನು ಕಟ್ಟಿಸಿದನು. ಹಾಗೆ ನೋಡಿದರೆ ಕಾರ್ಕಳದ ಈ ವೈಭವವು ಕಳಸದ ಬೇರಿನಿಂದ ಚಿಗುರಿದುದು. ನೋಡುವುದಕ್ಕೆ ಹೋಗುವವರಿಗೆ ಈ ನಂಟನ್ನು ಯಾರೂ ಹೇಳುವುದಿಲ್ಲ.

ಅರಸರು ಹೋದರೂ ಊರು ಹಾಳಾಗಲಿಲ್ಲ. ಘಟ್ಟದ ಮೇಲಿನ ಅಕ್ಕಿ ಅಡಿಕೆ ಏಲಕ್ಕಿಗಳು ಕೆಳಗಿಳಿಯಬೇಕು, ಕೆಳಗಿನ ಉಪ್ಪು, ಒಣಮೀನು, ತೆಂಗಿನಕಾಯಿಗಳು ಮೇಲೇರಬೇಕು. ಈ ಸಾಗಾಟವೆಲ್ಲ ತಲೆಹೊರೆಯಿಂದಲೂ ಹೇರೆತ್ತುಗಳಿಂದಲೂ ನಡೆಯುತ್ತಿತ್ತು. ಅದಕ್ಕೆ ಕಾಲಮಿತಿಯುಂಟು. ಮಾರ್ಗಶಿರದಲ್ಲಿ ದಾರಿ ಒಣಗಿ ಎತ್ತುಗಳು ಹೊರಟರೆ ವೈಶಾಖ ಕಳೆಯುವುದರೊಳಗೆ ಎಲ್ಲವೂ ಮುಗಿಯಬೇಕು. ಮೃಗಶಿರಾ ಮಳೆ ಹಿಡಿಯಿತೆಂದರೆ ಹಳ್ಳಗಳು ಏರುವುವು. ಆರಿದ್ರಾ ಪುನರ್ವಸುಗಳಲ್ಲಿ ಹೊಳೆ ದಡ ಮೀರುವುದು. ಪುಷ್ಯ ಆಶ್ಲೇಷಗಳವರೆಗೆ ಹೊರಗಿನ ಮುಖ ಕಾಣುವಂತಿಲ್ಲ.

ಈ ನಾಲ್ಕು ತಿಂಗಳ ಸೆರೆವಾಸವೇ ಅಲ್ಲಿಯ ಗೃಹಿಣಿಯರ ಶಾಸ್ತ್ರವನ್ನು ರೂಪಿಸಿತು. ಚೈತ್ರ ವೈಶಾಖಗಳಲ್ಲಿ ಅಂಗಳವೆಲ್ಲ ಹಲಸಿನ ಹಪ್ಪಳ, ಸಂಡಿಗೆ. ಹೊಳೆಯ ದಂಡೆಯ ಕಾಡುಮಾವಿನ ಮರಗಳಿಂದ ಮಿಡಿಗಳನ್ನು ನೆಲಕ್ಕೆ ಬೀಳದಂತೆ ಇಳಿಸಿ ಭರಣಿ ತುಂಬಿಸುವರು. ಹಲಸಿನ ತೊಳೆಗಳನ್ನು ಉಪ್ಪಿನಲ್ಲಿ ಹಾಕಿಡುವರು. ಬೀಜಗಳನ್ನು ಮಣ್ಣು ಸವರಿ ಮೂಲೆಯಲ್ಲಿ ರಾಶಿಹಾಕುವರು. ಸೌತೆಕಾಯಿ ಕುಂಬಳಕಾಯಿಗಳು ಬಾಳೆಯ ನಾರಿನ ಉರಿಯಲ್ಲಿ ಅಟ್ಟದ ತೊಲೆಗೆ ತೂಗುವುವು. ಸೌದೆಯು ಹಿಂದಿನ ಚಳಿಗಾಲದಲ್ಲಿಯೇ ಕೊಟ್ಟಿಗೆ ಸೇರಿರುವುದು. ಎಲ್ಲಕ್ಕಿಂತ ಮುಖ್ಯವಾದುದು ಉಪ್ಪು. ಮರದ ಮರಿಗೆಯಲ್ಲಿ ತುಂಬಿ ಒಲೆಯ ಬಳಿಯಲ್ಲಿಟ್ಟರೂ ಮಲೆನಾಡಿನ ತೇವಕ್ಕೆ ಉಪ್ಪು ನೀರಾಗುವುದು. ಆ ನೀರನ್ನೂ ಚೆಲ್ಲುತ್ತಿರಲಿಲ್ಲ, ಅಡುಗೆಗೆ ಬಳಸುವರು. ಮಳೆಯ ನಡುವೆ ಉಪ್ಪು ತೀರಿದರೆ ಹಣವಿದ್ದೂ ಫಲವಿಲ್ಲ. ನೆರೆಮನೆಯಿಂದ ಕಡ ತರಬೇಕಾದರೆ ಮಧ್ಯೆ ಹಳ್ಳವಿರಬಾರದು. ದೊರೆಗಳ ಯುದ್ಧಗಳಿಗಿಂತ ಹೆಚ್ಚಾಗಿ ಈ ಉಪ್ಪಿನ ಲೆಕ್ಕವೇ ಕಳಸದ ಸೀಮೆಯ ನಿಜವಾದ ಚರಿತ್ರೆಯೆಂದು ಹೇಳಿದರೆ ತಪ್ಪಾಗದು.

17ನೆಯ ಶತಮಾನದಲ್ಲಿ ಕೆಳದಿಯ ನಾಯಕರ ಬಲ ಹೆಚ್ಚಿತು, ಭೈರರಸರ ಕಾಲ ಮುಗಿಯಿತು. 1763ರಲ್ಲಿ ಹೈದರಲ್ಲಿಯು ಬಿದನೂರನ್ನು ಹಿಡಿದಾಗ ಈ ಸೀಮೆಯು ಮೈಸೂರಿನ ವಶವಾಯಿತು. ಇವೆಲ್ಲವೂ ಹೊರಗಿನ ಬದಲಾವಣೆಗಳು. 1799ರಲ್ಲಿ ಆದುದು ಹಾಗಲ್ಲ. ಟೀಪುವಿನ ಪತನದ ತರುವಾಯ ಕನ್ನಡ ಜಿಲ್ಲೆಯನ್ನು ಕಂಪನಿಯವರು ತಾವೇ ಇಟ್ಟುಕೊಂಡರು, ಘಟ್ಟದ ಮೇಲಿನ ಸೀಮೆಯು ಮೈಸೂರು ಸಂಸ್ಥಾನಕ್ಕೆ ಸೇರಿತು. ಕಾರ್ಕಳವು ಒಂದು ಸರಕಾರದಲ್ಲಿ, ಕಳಸವು ಇನ್ನೊಂದರಲ್ಲಿ! ಒಂದೇ ರಾಜ್ಯವಾಗಿ ನೂರಾರು ವರ್ಷ ಬಾಳಿದ ಎರಡು ಊರುಗಳ ನಡುವೆ ಗಡಿ ಬಿದ್ದಿತು. ಹೆಣ್ಣು ಕೊಟ್ಟು ತರುವ ಮನೆಗಳು, ಸಾಲ ಕೊಟ್ಟು ಕೊಂಡ ಅಂಗಡಿಗಳು, ಒಂದೇ ದೇವರ ಒಕ್ಕಲು, ಎಲ್ಲವೂ ಎರಡು ಸರಕಾರಗಳಲ್ಲಿ ಹಂಚಿಹೋದುವು. ಮೇಲಿನವರು ಬೆಂಗಳೂರಿನ ಕಡೆಗೆ, ಕೆಳಗಿನವರು ಮದರಾಸಿನ ಕಡೆಗೆ ಮುಖಮಾಡಬೇಕಾಯಿತು. ಈ ಗಡಿಯು 1956ರ ನವೆಂಬರ್ 1ರಂದು ಅಳಿಯಿತು. ಅಂದರೆ 157 ವರ್ಷಗಳು. ಭೈರರಸರ ನೆನಪು ಮಂಕಾಗಲು ಅಷ್ಟು ಕಾಲ ಧಾರಾಳವಾಗಿ ಸಾಕಾಗಿದ್ದಿತು.

ಆ ನಡುವೆ ಕಾಫಿಯು ಬಂದಿತು. ಬಾಬಾಬುಡನರು ಏಳು ಬೀಜಗಳನ್ನು ತಂದ ಕಥೆ ಎಲ್ಲರಿಗೂ ತಿಳಿದುದೇ. ತೋಟದ ಬೆಳೆಯಾಗಿ ಅದು ಹರಡಿದುದು 19ನೆಯ ಶತಮಾನದಲ್ಲಿ ಬಿಳಿಯರು ಬಂಡವಾಳ ಹೂಡಿದ ಮೇಲೆ. 1870ರ ಸುಮಾರಿನಿಂದ ಎಲೆತುಕ್ಕಿನ ರೋಗವೂ, ಅದರ ಜೊತೆಗೆ ಕಾಂಡಕೊರಕ ಹುಳುವೂ ಬಹಳ ತೋಟಗಳನ್ನು ಕೆಡಿಸಿದುವು. ಪರಿಹಾರ ಹುಡುಕಲು ಮೈಸೂರು ಸರಕಾರದವರು 1925ರಲ್ಲಿ ಬಾಳೆಹೊನ್ನೂರಿನ ಬಳಿ ಕಾಫಿಯ ಪ್ರಯೋಗಕ್ಷೇತ್ರವನ್ನು ತೆರೆದರು. ಅದೂ ಭದ್ರೆಯ ಸೀಮೆಯಲ್ಲಿಯೇ, ಕಳಸದಿಂದ ಹರಿದುಬಂದ ನೀರಿನ ಮಗ್ಗುಲಲ್ಲಿಯೇ ಇರುವುದು. ತೋಟದ ಕೆಲಸಕ್ಕೆ ಘಟ್ಟದ ಕೆಳಗಿನಿಂದ ಆಳುಗಳು ಮೇಸ್ತ್ರಿಗಳ ಹಿಂದೆ ಏರಿಬಂದರು, ಕಳಸದ ಸಂತೆಯಲ್ಲಿ ಕನ್ನಡದಷ್ಟೇ ತುಳುವೂ ಕೇಳಿಸತೊಡಗಿತು. ಕಾಫಿಯಿಂದ ಹಣ ಬಂದಿತು. ಬಂದ ಹಣವನ್ನು ಅನುಭವಿಸಲು ಆರೋಗ್ಯವೊಂದಿರಲಿಲ್ಲ.

ಮಲೆನಾಡಿನ ಜ್ವರವೆಂದರೆ ಬಯಲುಸೀಮೆಯವರು ಹೆಣ್ಣು ಕೊಡಲು ಹಿಂಜರಿಯುತ್ತಿದ್ದರು. ಸರಕಾರದ ನೌಕರರು ವರ್ಗವಾಯಿತೆಂದರೆ ಕಣ್ಣೀರಿಡುತ್ತಿದ್ದರು. ಜನಸಂಖ್ಯೆ ಇಳಿಯುತ್ತಿದ್ದುದನ್ನು ಕಂಡು 1914ರಲ್ಲಿ ಮೈಸೂರು ಸರಕಾರವು ಮಲೆನಾಡಿನ ಅಭಿವೃದ್ಧಿಗಾಗಿ ಒಂದು ಯೋಜನೆಯನ್ನೇ ಹೂಡಬೇಕಾಯಿತು. 1920ರ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ ಸಂಸ್ಥಾನದಲ್ಲಿ ಮಲೇರಿಯದ ಶೋಧನೆ ಆರಂಭವಾಯಿತು. ಮೂಡಿಗೆರೆಯು ಆ ಶೋಧನೆ ನಡೆದ ಊರುಗಳಲ್ಲೊಂದು. ಗುಡ್ಡಸೀಮೆಯಲ್ಲಿ ಜ್ವರ ಹರಡುವ ಸೊಳ್ಳೆಯು ಕೊಳೆತ ಗುಂಡಿಗಳಲ್ಲಲ್ಲ, ಶುದ್ಧವಾಗಿ ಹರಿಯುವ ತೊರೆಗಳ ಅಂಚಿನ ಹುಲ್ಲಿನಲ್ಲಿ ಹುಟ್ಟುವುದೆಂಬುದು ಇಂಥ ಶೋಧನೆಗಳ ಫಲ. ಮನೆಯ ಹಿಂದಿನ ತಿಳಿನೀರಿನ ತೊರೆಯೇ ತೊಟ್ಟಿಲನ್ನು ಬರಿದುಮಾಡುತ್ತಿತ್ತೆಂದು ಎಷ್ಟು ತಾಯಂದಿರಿಗೆ ಗೊತ್ತಿತ್ತು? ಎರಡನೆಯ ಮಹಾಯುದ್ಧದ ತರುವಾಯ ಡಿ.ಡಿ.ಟಿ. ಬಂದ ಮೇಲೆ, 1953ರಿಂದ ದೇಶವ್ಯಾಪಕವಾಗಿ ನಿಯಂತ್ರಣಕಾರ್ಯ ನಡೆದ ಮೇಲೆ, ಈ ಪೀಡೆಯು ತಗ್ಗಿತು. ಈಗಿನ ಮಲೆನಾಡಿನ ಹುಡುಗರು ಆ ಜ್ವರದ ಹೆಸರನ್ನು ಅಜ್ಜಿಯರ ಬಾಯಿಂದ ಮಾತ್ರ ಕೇಳಿರುವರು.

ಇಲ್ಲಿ ಸಮುದ್ರದಾಚೆಯ ಒಂದು ಚಿಕ್ಕ ಊರನ್ನು ನೆನೆಯುವುದು ಅಪ್ರಸ್ತುತವಾಗದು. ಅಮೆರಿಕದ ಇಲಿನಾಯ್ ಪ್ರಾಂತದಲ್ಲಿ ಗಲೀನವೆಂಬ ಪಟ್ಟಣವುಂಟು. ಅದು ಮಿಸಿಸಿಪಿಗೆ ಸೇರುವ ಒಂದು ಕಿರುಹೊಳೆಯ ದಂಡೆಯಲ್ಲಿದೆ. ಆ ಹೊಳೆಗೆ ಮೊದಲಲ್ಲಿ ಜ್ವರದ ಹೊಳೆಯೆಂದೇ ಹೆಸರು! ಸುತ್ತಣ ಗುಡ್ಡಗಳಲ್ಲಿ ಸೀಸದ ಅದಿರು ಸಿಕ್ಕಿತು, 1826ರಲ್ಲಿ ಊರಿಗೂ ಅದಿರಿನ ಹೆಸರೇ ಬಂದಿತು. ಉಗಿದೋಣಿಗಳು ಅಂಗಡಿಸಾಲಿನ ಎದುರಿಗೇ ಬಂದು ನಿಲ್ಲುತ್ತಿದ್ದುವು. 19ನೆಯ ಶತಮಾನದ ನಡುವೆ ಊರಿನ ಜನಸಂಖ್ಯೆ ಹತ್ತು ಸಾವಿರವನ್ನು ಮೀರಿದ್ದಿತು. ಮುಂದೆ ಅಧ್ಯಕ್ಷರಾದ ಗ್ರಾಂಟರು 1860ರಲ್ಲಿ ಅಲ್ಲಿಯ ತಂದೆಯ ಚರ್ಮದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದವರು. ಗಣಿಗಾಗಿ ಗುಡ್ಡ ಅಗೆದು, ಕುಲುಮೆಗಾಗಿ ಕಾಡು ಕಡಿದು, ಮಣ್ಣೆಲ್ಲ ಹೊಳೆಗಿಳಿಯಿತು. ಹೊಳೆ ಹೂತು ದೋಣಿಗಳು ಬಾರದಾದುವು. ರೈಲು ವ್ಯಾಪಾರವನ್ನು ಬೇರೆ ಕಡೆಗೆ ಒಯ್ದಿತು. ಈಗ ಅಲ್ಲಿರುವವರು ಮೂರು ಸಾವಿರದಷ್ಟು ಜನ. ಕಳಸದ ಹೊಳೆಗೆ ಹೂಳಲು ದೋಣಿಯ ದಾರಿಯೇ ಇರಲಿಲ್ಲ. ಆದರೆ ಗುಡ್ಡದಲ್ಲಿ ಅದಿರು ಇಲ್ಲಿಯೂ ಇದ್ದಿತು, ಅದೂ ಊರಿನ ಮೇಲುಭಾಗದಲ್ಲಿ.

ಕುದುರೆಮುಖದ ಕಬ್ಬಿಣದ ಅದಿರನ್ನು 1913ರಲ್ಲಿಯೇ ಭೂಗರ್ಭಶಾಸ್ತ್ರಜ್ಞರಾದ ಸಂಪತ್ ಅಯ್ಯಂಗಾರ್ಯರು ಗುರುತಿಸಿದ್ದರು. ದುರ್ಗಮವಾದ ಕಾಡು, ವರ್ಷಕ್ಕೆ ಸುಮಾರು 7,000 ಮಿಲಿಮೀಟರಿನಷ್ಟು ಮಳೆ. ಆರು ದಶಕಗಳವರೆಗೆ ಅದಿರು ಹಾಗೆಯೇ ಉಳಿಯಿತು. 1975ರಲ್ಲಿ ಇರಾನ್ ದೇಶದೊಡನೆ ಒಪ್ಪಂದವಾಯಿತು. ಅವರು ಸಾಲವನ್ನೂ ಕೊಡುವರು, ಅದಿರನ್ನೂ ಕೊಳ್ಳುವರು. 1976ರಲ್ಲಿ ಕಂಪನಿಯು ಸ್ಥಾಪಿತವಾಗಿ ಕಾಡಿನ ನಡುವೆ ಊರೆದ್ದಿತು. ಅದಿರನ್ನು ಪುಡಿಮಾಡಿ, ತೊಳೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರಿನ ಕೊಳವೆಯಲ್ಲಿ ಘಟ್ಟವಿಳಿಸಿ ಮಂಗಳೂರಿಗೆ ಹರಿಯಿಸುವ ಏರ್ಪಾಡಾಯಿತು. ಹಿಂದೆ ಹೇರೆತ್ತುಗಳು ತಿಂಗಳುಗಟ್ಟಲೆ ಮಾಡುತ್ತಿದ್ದ ಕೆಲಸವನ್ನು ಕೊಳವೆಯೊಂದು ಮಾಡಿತು. ಅಷ್ಟರಲ್ಲಿ 1979ರ ಕ್ರಾಂತಿಯಿಂದ ಇರಾನಿನ ಸರಕಾರವೇ ಬದಲಾಯಿತು, ಒಪ್ಪಂದವು ಮುರಿಯಿತು. 1980ರಲ್ಲಿ ಕಾರ್ಖಾನೆ ಸಿದ್ಧವಾದಾಗ ಕೊಳ್ಳುವವರನ್ನು ಬೇರೆಡೆ ಹುಡುಕಬೇಕಾಯಿತು. ಪರ್ಷಿಯಾದಲ್ಲಿ ಸಿಂಹಾಸನ ಅಲುಗಿದರೆ ಭದ್ರೆಯ ಉಗಮದಲ್ಲಿ ಲೆಕ್ಕ ತಪ್ಪುವುದೆಂದು ಯಾರು ಎಣಿಸಿದ್ದರು?

ಗಣಿಯಿಂದ ಲಾಭವಾಗಲಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಸಾವಿರಾರು ಸಂಸಾರಗಳು ಅದರಿಂದ ಉಂಡವು. ರಸ್ತೆ, ಶಾಲೆ, ಆಸ್ಪತ್ರೆಗಳಾದುವು. ಕಳಸದ ಅಂಗಡಿಗಳಿಗೆ ತಿಂಗಳ ಸಂಬಳದ ಗಿರಾಕಿಗಳು ಸಿಕ್ಕಿದರು. ಕೆಸರನ್ನು ತಡೆಯಲು ಲಕ್ಯಾ ಹಳ್ಳಕ್ಕೆ ದೊಡ್ಡ ಅಣೆಕಟ್ಟನ್ನೂ ಕಟ್ಟಿದರು. ಆದರೆ ಆ ಮಳೆಯಲ್ಲಿ ಬೋಳಿಸಿದ ಗುಡ್ಡದ ಮಣ್ಣು ನಿಲ್ಲುವುದುಂಟೆ? ಆಷಾಢದ ಭದ್ರೆಯು ಗಣಿಯ ಮಣ್ಣು ಹೊತ್ತು ಕೆಂಪಾಗಿ ಇಳಿದಳು. ಹೂಳು ಗದ್ದೆಗಳಿಗೆ ನುಗ್ಗುವುದೆಂದು ದಂಡೆಯವರು, ಲಕ್ಕವಳ್ಳಿಯ ಜಲಾಶಯವನ್ನು ತುಂಬುವುದೆಂದು ಕೆಳಗಿನ ರೈತರು ದೂರಿದರು. 1987ರಲ್ಲಿ ಕುದುರೆಮುಖವನ್ನು ರಾಷ್ಟ್ರೀಯ ಉದ್ಯಾನವೆಂದು ಸಾರಿದ ಮೇಲೆ ವ್ಯಾಜ್ಯವು ಬಲವಾಯಿತು. ಕಡೆಗೆ 2002ರ ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯವು ತೀರ್ಪಿತ್ತಿತು, 2005ರ ಡಿಸೆಂಬರ್ 31ಕ್ಕೆ ಗಣಿಯು ನಿಂತಿತು. ಉದ್ಯಾನದ ಹೆಸರಿನಲ್ಲಿ ಕಾಡಿನೊಳಗಣ ಹಳೆಯ ಒಕ್ಕಲುಗಳಿಗೆ ಎದ್ದುಹೋಗಬೇಕಾದೀತೆಂಬ ಭಯವು ಅದೇ ಕಾಲದಲ್ಲಿ ಹುಟ್ಟಿತು. ಗಣಿಗೆ ಜಾಗ ಕೊಟ್ಟ ಕಾಡಿನಲ್ಲಿ ಬಡವನ ಗದ್ದೆಗೆ ಜಾಗವಿಲ್ಲವೆಂದರೆ ಒಪ್ಪುವುದು ಕಷ್ಟ.

ನಮ್ಮ ಅಭಿಪ್ರಾಯವನ್ನು ಮರೆಯಿಲ್ಲದೆ ಹೇಳುವುದಾದರೆ, ಗಣಿಯು ನಿಂತುದು ಒಳ್ಳೆಯದಾಯಿತು. ಆದರೆ ಅದು ಬಂದಾಗಲೂ ಹೋದಾಗಲೂ ಕಳಸದವರ ಮಾತನ್ನು ಮೊದಲು ಕೇಳಿದವರಾರೂ ಇಲ್ಲ. ಸಂಬಳದವರು ಹೊರಟುಹೋದ ಮೇಲೆ ಗಣಿಯೂರಿನ ಮನೆಗಳು ಸಾಲುಸಾಲಾಗಿ ಬಾಗಿಲಿಕ್ಕಿದುವು. ಮಕ್ಕಳ ಶುಲ್ಕಕ್ಕೆ ಆ ಸಂಬಳವನ್ನೇ ನಂಬಿದ್ದ ಸಂಸಾರಗಳು ಬೇರೆ ಊರು ನೋಡಿಕೊಂಡವು. ಸುಮಾರು 30 ವರ್ಷಗಳಲ್ಲಿ ಒಂದು ಊರು ಹುಟ್ಟಿ, ಬೆಳೆದು, ಮುದಿಯಾಯಿತು. ಅದರ ಕೆಳಗೆ, ಹೊಳೆಯ ತಿರುವಿನಲ್ಲಿ, ಎಂಟು ಶತಮಾನಗಳಿಗಿಂತ ಹೆಚ್ಚು ಕಾಲದ ಕಳಸವು ತನ್ನ ಅಡಿಕೆ, ಕಾಫಿ, ಮೆಣಸು, ದೇವರ ಉತ್ಸವಗಳೊಡನೆ ಇದ್ದೇ ಇದೆ.

ಹೊಳೆಯ ಸೆರೆಯೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಕಳಸದಿಂದ ಹೊರನಾಡಿನ ಅನ್ನಪೂರ್ಣೇಶ್ವರಿಯ ಸನ್ನಿಧಿಗೆ ಹೋಗುವ ದಾರಿಯಲ್ಲಿ ಹೆಬ್ಬಾಳೆಯ ತಗ್ಗು ಸೇತುವೆಯುಂಟು. ಭದ್ರೆಯು ತುಂಬಿದ ಎಷ್ಟೋ ಮಳೆಗಾಲಗಳಲ್ಲಿ ಅದು ಮುಳುಗಿ, ಯಾತ್ರಿಕರು ಹಳುವಳ್ಳಿಯ ಮೇಲೆ ಬಳಸಿ ಹೋಗಬೇಕಾಗಿ ಬಂದಿದೆ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆಯ ಸೀಮೆಯ ಮಲೆಮನೆ, ಮಧುಗುಂಡಿ ಮುಂತಾದೆಡೆಗಳಲ್ಲಿ ಗುಡ್ಡಗಳೇ ಕುಸಿದು ಮನೆಗಳೂ ತೋಟಗಳೂ ಮಣ್ಣುಪಾಲಾದುವು. ಅದೇ ವರ್ಷದ ಆಯವ್ಯಯದಲ್ಲಿ ಕಳಸವನ್ನು ಮೂಡಿಗೆರೆಯಿಂದ ಬೇರ್ಪಡಿಸಿ ಪ್ರತ್ಯೇಕ ತಾಲ್ಲೂಕಾಗಿ ಮಾಡುವುದಾಗಿ ಸರಕಾರವು ಸಾರಿತ್ತು. ಪಹಣಿಯ ಒಂದು ಕಾಗದಕ್ಕಾಗಿ ಘಟ್ಟದ ತಿರುವುಗಳಲ್ಲಿ ಮೂಡಿಗೆರೆಯವರೆಗೆ ಹೋಗಿ, ಆ ದಿನ ಕೆಲಸವಾಗದೆ ಮರಳಿದ ಒಕ್ಕಲಿಗನಿಗೆ ಇದರ ಬೆಲೆ ಗೊತ್ತು.

ಕಳಸವನ್ನು ನೋಡಬೇಕೆನ್ನುವ ವಾಚಕರು ಮಾರ್ಗಶಿರದಿಂದ ಫಾಲ್ಗುಣದೊಳಗೆ ಹೋಗುವುದು ಅನುಕೂಲ. ದೇವಾಲಯದ ದರ್ಶನವನ್ನು ಬೆಳಗ್ಗೆ ಮುಗಿಸಿಕೊಂಡು ಅಲ್ಲಿಯ ಶಾಸನದ ಕಲ್ಲುಗಳನ್ನು ಒಂದು ಗಳಿಗೆ ನಿಂತು ನೋಡಬೇಕು. ಮಧ್ಯಾಹ್ನದ ಊಟಕ್ಕೆ ಹೊರನಾಡಿಗೆ ಹೋದರೆ ಅಲ್ಲಿ ಬಂದವರಿಗೆಲ್ಲ ಅನ್ನವುಂಟು. ಸಂಜೆಗೆ ಅಂಬಾತೀರ್ಥಕ್ಕೆ ಹೋಗುವವರು ಮಕ್ಕಳನ್ನು ಕೈಹಿಡಿದೇ ಕರೆದೊಯ್ಯಬೇಕು. ಬಂಡೆಗಳು ಪಾಚಿಯಿಂದ ಜಾರುವುವು, ನೀರು ಕಂಡಷ್ಟು ಆಳವಿಲ್ಲದುದಲ್ಲ.